ಓಣಿಗೊಬ್ಬನೇ ವಟು

ಗದ್ವಾಲ
೩೦ ಏಪ್ರಿಲ್ ೨೦೨೬, ಗುರುವಾರ

ನನ್ನ ಮೇಲೆ ಮುನಿಸಿಕೊಂಡು ನಾರಾಯಣಪೇಟೆ ಸೇರಿರುವ ತೀರ್ಥರೂಪ ಅಮ್ಮನಿಗೆ, ಸಿಟ್ಟು ಇಳಿದಿದ್ದರೆ ಒಂದು ನಮಸ್ಕಾರ, ಇಳಿದಿರದಿದ್ದರೆ ಎರಡು.

ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಯಾಕೆ ಬರೆದಳು ಎಂದು ನೀನು ಕೇಳುತ್ತೀ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ. ಅಣ್ಣ ಕೇಳುತ್ತಾನೆ, ವೈನಿ ಕೇಳುತ್ತಾಳೆ, ಹಾಲಿನವನು ಕೂಡ ಅಳತೆಯ ಲೋಟ ಎತ್ತಿ ಹಿಡಿದು ನಿಂತು ಕೇಳುತ್ತಾನೆ. ಈ ಮಾತು ನಿನಗೊಬ್ಬಳಿಗೇ ಹೇಳುವಂಥದ್ದು. ಅಲ್ಲದೆ ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀ.

ಅವತ್ತು ನೀನು ಕೈಚೀಲ ಎತ್ತಿಕೊಂಡು ಹೊರಟ ಮೇಲೆ, ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗಲಾದರೂ ಫೋನ್ ಮಾಡುತ್ತೀ ಎಂದು ಕಾದೆ. ಮಾಡಲಿಲ್ಲ. ಯಾಕೆ ಮಾಡಬೇಕು? ನೀರುಮನೆಯಿಂದ ಕೊರಳು ಕೆಂಪಗೆ ಸುಲಿದುಕೊಂಡು ಬಂದ ಸುಮಂತನನ್ನು ಕಂಡು, ನನ್ನ ಮಗನೇನು ನಿನ್ನ ಹಿತ್ತಾಳೆ ತಂಬಿಗೆಯೇ ಎಂದು ಕೂಗಿದವಳು ನಾನು. ಅದೂ ಎದುರುಮನೆ ಇಂದಿರಾಬಾಯಿಯವರು ಹೊಸ್ತಿಲಲ್ಲಿ ನಿಂತಿರುವಾಗ. ನಿನಗೆ ಮಾತಿಗಿಂತ ಹೊಸ್ತಿಲೇ ಹೆಚ್ಚು ನೋವು ಮಾಡಿರಬೇಕು.

ಅವನ ಕುತ್ತಿಗೆಯ ಹಿಂದಿನ ಕಪ್ಪು ಪಟ್ಟಿಗೆ ನೀನು ಕಡಲೆಹಿಟ್ಟು ಹಚ್ಚಿದೆ, ನಿಂಬೆಹಣ್ಣು ಹಿಂಡಿದೆ, ಕೊನೆಗೆ ತೆಂಗಿನ ನಾರನ್ನೂ ಹಿಡಿದೆ. ಅದು ತಿಕ್ಕಿದರೆ ಹೋಗುವಂಥದ್ದಾಗಿದ್ದರೆ ನಿನ್ನ ಕೈಗೆ ಹೆದರಿ ಎಂದೋ ಹೋಗುತ್ತಿತ್ತು. ನೀನು ತಿಕ್ಕಿದ ಮೇಲೂ ಮಸಿ ಉಳಿಸಿಕೊಂಡ ಪಾತ್ರೆ ನಮ್ಮ ಮನೆತನದಲ್ಲೇ ಇಲ್ಲ.

ನೀನು ಹೋದ ಮೇಲೆ ಅವನನ್ನು ರಾಯಚೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಮಕ್ಕಳ ಡಾಕ್ಟರಮ್ಮ ಇವನನ್ನು ತಕ್ಕಡಿಯ ಮೇಲೆ ನಿಲ್ಲಿಸುವುದಕ್ಕೂ ಮುಂಚೆ ಅಂಗಿಯ ಕಾಲರ್ ಸರಿಸಿ ಕೊರಳು ನೋಡಿದಳು. ಇದು ಕೊಳೆಯಲ್ಲ, ಒಳಗಿನಿಂದ ಬಂದ ಸುದ್ದಿ ಎಂದಳು. ಇನ್ಸುಲಿನ್ ಅಂತ ಒಂದು ರಸವಂತೆ. ಉಂಡದ್ದನ್ನು ಹೊತ್ತುಕೊಂಡು ಹೋಗಿ ಮೈಯ ಒಂದೊಂದು ಕಣದ ಬಾಗಿಲನ್ನೂ ಬಡಿಯುವುದು ಅದರ ಕೆಲಸ. ಸದಾ ಬಡಿಯುತ್ತಲೇ ಇದ್ದರೆ ಯಾರು ತೆಗೆಯುತ್ತಾರೆ? ಚುನಾವಣೆ ಕಾಲದಲ್ಲಿ ಮತ ಕೇಳಲು ಬಂದವರಿಗೆ ಮೊದಲ ದಿನ ಚಹಾ ಕೊಟ್ಟು, ಆಮೇಲೆ ಒಳಗಿನಿಂದ ಚಿಲಕ ಹಾಕಿ ಕೂರುವುದಿಲ್ಲವೇ, ಹಾಗೆ. ಒಬ್ಬನಿಗೆ ತೆಗೆಯದ ಬಾಗಿಲಿಗೆ ಮೈ ಹತ್ತು ಜನರನ್ನು ಕಳಿಸುತ್ತದೆ. ಆ ಗದ್ದಲದ ಗುರುತೇ ಕೊರಳಿನ ಕಪ್ಪು. ಕೊರಳಿಗೆ ಬಿದ್ದ ಹಾರಕ್ಕೂ ಹೊಟ್ಟೆಗೆ ಬಿದ್ದ ಆಹಾರಕ್ಕೂ ಇಂಥ ನಂಟಿದೆ ಎಂದು ನಮಗೆ ಯಾರು ಹೇಳಿದ್ದರು?

ಹೆದರಬೇಡ. ಸಕ್ಕರೆ ಕಾಯಿಲೆ ಬಂದಿಲ್ಲ. ಹೀಗೇ ಬಿಟ್ಟರೆ ಬರುವ ದಾರಿಯಲ್ಲಿದೆ, ಈಗ ತಿರುಗಿಸಿದರೆ ತಿರುಗುತ್ತದೆ. ಉಪವಾಸ ಕೆಡವಬೇಡಿ, ಬೈಯಬೇಡಿ ಎಂದಳು. ಸಿಹಿಯನ್ನೂ ಎರಡನೇ ಸಲ ಬಡಿಸುವುದನ್ನೂ ಬಿಡಿಸಿ, ಸಂಜೆ ಆಡಲು ಬಿಡಿ; ಎತ್ತರ ಬೆಳೆಯುತ್ತ ತೂಕ ನಿಂತಲ್ಲೇ ನಿಂತರೂ ಗೆದ್ದಂತೆ. ಇದು ಮನೆತನದಲ್ಲಿ ಬರುವುದೂ ಉಂಟು, ದೊಡ್ಡವರೂ ರಕ್ತ ತೋರಿಸಿಕೊಳ್ಳಿ ಎಂದಳು. ನಮ್ಮ ಮನೆಯವರು ತೋರಿಸಿಕೊಂಡರು, ಸರಿಯಾಗಿದೆ. ನನಗೆ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ರಾಶಿ; ಪರೀಕ್ಷೆ ಮಾಡುವವಳಿಗೆ ಪರೀಕ್ಷೆಗೆ ಎಲ್ಲಿದೆ ಬಿಡುವು? ಆಸ್ಪತ್ರೆಯ ಕೋಣೆಯ ಫ್ಯಾನು ಬೇರೆ ನಿಂತಿತ್ತು. ಸೆಕೆಯಲ್ಲೂ ಸೆರಗನ್ನು ಕೊರಳ ಸುತ್ತ ಹೊದ್ದು ಕೂತ ನನ್ನನ್ನು ಡಾಕ್ಟರಮ್ಮ ಒಂದು ಗಳಿಗೆ ನೋಡಿದಳು. ಲೆಕ್ಚರರ್ ಗಾಂಭೀರ್ಯ ಕಂಡಿರಲಿಕ್ಕಿಲ್ಲ.

ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ, ನಮ್ಮ ಓಣಿಯ ಪುಣ್ಯದ್ದು. ನಾನು ಅರ್ಥಶಾಸ್ತ್ರ ಕಲಿಸುವವಳು, ಆದರೂ ನನ್ನ ಕಣ್ಣೆದುರಿನ ಪಾಠ ನನಗೇ ಕಾಣಲಿಲ್ಲ. ಮಂತ್ರಾಲಯದಲ್ಲಿ ಮುಂಜಿ ಆಗಿ ಬಂದ ದಿನದಿಂದ ಸುಮಂತನೇ ಇಲ್ಲಿಯ ಏಕೈಕ ವಟು. ಉಳಿದ ಹುಡುಗರೆಲ್ಲ ಹೈದರಾಬಾದಿನ ಹಾಸ್ಟೆಲುಗಳಲ್ಲಿ ಓದುತ್ತಿದ್ದಾರೆ. ಬ್ರಹ್ಮಚಾರಿಗೆ ಊಟ ಹಾಕಬೇಕು ಎಂದು ಹರಕೆ ಹೊತ್ತವರಿಗೆಲ್ಲ ಇವನೇ ಬೇಕು. ದ್ವಾದಶಿಗೆ ಒಂದು ಮನೆ, ಹುಣ್ಣಿಮೆಗೆ ಇನ್ನೊಂದು, ಸತ್ಯನಾರಾಯಣ ಪೂಜೆಯಾದರೆ ಬೆಳಿಗ್ಗೆ ಒಂದು ಕಡೆ ಸಂಜೆ ಒಂದು ಕಡೆ. ಎಲ್ಲರೂ ತಮ್ಮ ತಮ್ಮ ಪುಣ್ಯವನ್ನು ಕಡಲೆಬೇಳೆ-ಬೆಲ್ಲದ ಹಯಗ್ರೀವದ ರೂಪದಲ್ಲಿ ತಂದು ಒಂದೇ ಹೊಟ್ಟೆಯಲ್ಲಿ ಠೇವಣಿ ಇಟ್ಟರು. ಎಲೆಯಲ್ಲಿ ಬಿಟ್ಟರೆ ಮನೆಯವರ ಫಲ ಕಡಿಮೆಯಾಗುತ್ತದೆ ಎಂದು ನೀನೇ ಅವನಿಗೆ ಹೇಳಿಕೊಟ್ಟಿದ್ದೆ. ಪಾಪ, ಅವನು ಯಾರ ಫಲವನ್ನೂ ಕಡಿಮೆ ಮಾಡಲಿಲ್ಲ.

ರಾಯಚೂರಿನಿಂದ ಬಂದವಳೇ ಎಲ್ಲ ಆಮಂತ್ರಣಗಳನ್ನೂ ನಿಲ್ಲಿಸಿದೆ. ಡಾಕ್ಟರ್ ಬೇಡ ಅಂದಿದ್ದಾರೆ ಎಂದು ಮನೆ ಮನೆಗೆ ಹೇಳಿದೆ. ಯಾರೂ ಒಪ್ಪಲಿಲ್ಲ. ಪ್ರಸಾದಕ್ಕೆ ಸಕ್ಕರೆ ಅಂಶ ಇರುವುದಿಲ್ಲ ಎಂದು ಇಂದಿರಾಬಾಯಿಯವರೇ ಪ್ರಯೋಗಾಲಯದ ಫಲಿತಾಂಶ ಓದಿದಂತೆ ಹೇಳಿದರು. ನಾನು ಬಾಗಿಲಲ್ಲಿ ಅಡ್ಡ ನಿಂತೆ. ಗೆದ್ದೆ ಎಂದುಕೊಂಡೆ.

ಒಂದು ಸಂಜೆ ಸುಮಂತ ತನ್ನ ಪಂಚೆಯನ್ನು ಮಡಿಚಿ ಟ್ರಂಕಿನ ತಳದಲ್ಲಿ, ಚಳಿಗಾಲದ ಕಂಬಳಿಯ ಕೆಳಗೆ ಇಡುತ್ತಿದ್ದ. ಒಗೆಯುವುದಿದೆಯೇ ಎಂದು ಕೇಳಿದೆ. ಅವನು ತಿರುಗಿ ನೋಡದೆ ಹೇಳಿದ: "ಇದಕ್ಕ ಗುಂಡಿ ಇಲ್ಲಮ್ಮ, ಸೈಜೂ ಇಲ್ಲ. ಇದೊಂದs ನನ್ನ ಮೈಗೆ ಬರತಿತ್ತು."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಶಾಲೆಯಲ್ಲಿ ಮೌನೇಶನ ಕ್ರಿಕೆಟ್ ತಂಡ ಇವನನ್ನು ಯಾವತ್ತೂ ಕಡೆಯಲ್ಲಿ ಆರಿಸುತ್ತದೆ, ಅದೂ ಆಡಿಸಲು ಅಲ್ಲ, ಸ್ಟಂಪ್ ಮರೆತು ಬಂದ ದಿನ ಸ್ಟಂಪಿನ ಬದಲು ನಿಲ್ಲಿಸಲು. ಹೊಸ ಯೂನಿಫಾರಂ ಪ್ಯಾಂಟನ್ನು ಅವನಪ್ಪನ ಹಳೆಯದರಿಂದ ಹೊಲಿಸಿದ್ದೇವೆ. ಆದರೆ ಓಣಿಯಲ್ಲಿ ಇದೇ ಹುಡುಗನಿಗೆ ಮಣೆ ಹಾಕಿ, ಕಾಲು ತೊಳೆದು, ಬನ್ನಿರೀ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಅವನ ಮೈಗೆ ಜಾಗ ಕೊಟ್ಟಿದ್ದು ಆ ಮಣೆ ಒಂದೇ. ಅದನ್ನೇ ಎಳೆದುಕೊಂಡೆ ನಾನು, ಅವನ ಒಳ್ಳೆಯದಕ್ಕೇ ಎಂದು. ನೀನು ತೆಂಗಿನ ನಾರಿನಿಂದ ತಿಕ್ಕಿದೆ, ನಾನು ನಾರಿಲ್ಲದೆ ತಿಕ್ಕಿದೆ, ಅಷ್ಟೇ ವ್ಯತ್ಯಾಸ.

ಮೊನ್ನೆ ದ್ವಾದಶಿಯ ಪಾರಣೆಗೆ ಇಂದಿರಾಬಾಯಿಯವರು ಮತ್ತೆ ಬಂದು ಕರೆದರು. ಟ್ರಂಕಿನಿಂದ ಪಂಚೆ ತೆಗೆದು ನಾನೇ ಕೊಟ್ಟೆ. ಕಾವಲಿಗೆ ನಿನ್ನ ಅಳಿಯನನ್ನು ಕಳಿಸಿದೆ. ಕಾವಲುಗಾರರು ಚಿತ್ರಾನ್ನ ಬಂದ ಕೂಡಲೇ ಕರ್ತವ್ಯ ಮರೆತರಂತೆ, ಅದು ಬೇರೆ ಮಾತು. ಹಯಗ್ರೀವ ಬಂತಂತೆ, ಸವಟಿನ ತುಂಬ, ಮೇಲೆ ತುಪ್ಪ. ಸುಮಂತ ಎರಡೂ ಕೈ ಎಲೆಗೆ ಅಡ್ಡ ಹಿಡಿದ.

"ಬ್ಯಾಡ್ರಿ. ನನಗ ವ್ರತ ಐತಿ."

(ಶಾಲೆಯಲ್ಲಿ ಕಲಿತ ಆ 'ಐತಿ'ಯನ್ನು ನೀನು ಎಷ್ಟು ತಿದ್ದಿದರೂ ನಮ್ಮ ಮನೆಯ 'ಅದ' ಆಗಿಲ್ಲ. ಬಿಟ್ಟುಬಿಡು.)

ಸವಟು ಅಲ್ಲೇ ನಿಂತಿತಂತೆ. ರಾಯಚೂರಿನ ಡಾಕ್ಟರಮ್ಮನ ಓದೆಲ್ಲ ಸೇರಿ ಒಂದು ಚಮಚ ಹಿಂದೆ ಕಳಿಸಲಾಗದ ಓಣಿಯಲ್ಲಿ, ವ್ರತ ಎಂಬ ಎರಡಕ್ಷರಕ್ಕೆ ಇಡೀ ಪಾತ್ರೆ ಹಿಂದೆ ಹೋಯಿತು. ಯಾವ ವ್ರತ ಎಂದು ಯಾರೂ ಕೇಳಲಿಲ್ಲ. ಇಂದಿರಾಬಾಯಿಯವರು ಕೈಮುಗಿದರಂತೆ.

ನಾನು ನಕ್ಕೆ, ಕುಣಿದಾಡಿದೆ. ಅವನು ನಗಲಿಲ್ಲ. ಪಂಚೆ ಬಿಚ್ಚದೆ ದೇವರ ಕೋಣೆಯ ಬಾಗಿಲಲ್ಲಿ ಕೂತು, ವಟುವಾಗಿ ಊಟಕ್ಕೆ ಕೂತು ಸುಳ್ಳು ಹೇಳಿದೆನಲ್ಲ, ಈಗ ಅದನ್ನು ಖರೆ ಮಾಡುವುದು ಹೇಗೆ ಎಂದು ಕೇಳಿದ. ಸಂಕಲ್ಪ ಮಾಡಿದರೆ ಆಯಿತು, ಬಾ, ನಾನೇ ನೀರು ಹಾಕುತ್ತೇನೆ ಎಂದೆ. ತಲೆಯಾಡಿಸಿದ. "ನೀನು ಹಾಕಿದರ ಅದು ಡಯಟ್ ಆಗತದ, ಅಜ್ಜಿ ಹಾಕಿದರs ವ್ರತ" ಎಂದ. ಸಿಟ್ಟಿನಲ್ಲಿ ಹೋದ ಅಜ್ಜಿ ಹಾಕುತ್ತಾಳೋ ಇಲ್ಲವೋ ಎಂದು ಅವತ್ತಿನಿಂದ ಬೆಳಿಗ್ಗೆ ಸಂಜೆ ಕೇಳುತ್ತಿದ್ದಾನೆ.

ನನ್ನ ಓದು, ನನ್ನ ಸಂಬಳ, ನನ್ನ ಅಡ್ಡಬಾಗಿಲು ಯಾವುದೂ ನಡೆಯದ ಕಡೆ ನಿನ್ನ ಒಂದು ಉದ್ಧರಣೆ ನೀರು ನಡೆಯುತ್ತದೆ ಅಮ್ಮ. ಅದನ್ನು ಕೇಳಲು ಈ ಪತ್ರ.

ಅಧಿಕಮಾಸಕ್ಕೆ ಅವನನ್ನು ಕರೆದುಕೊಂಡು ಬರುತ್ತೇನೆ. ನಾರಾಯಣಪೇಟೆಯಲ್ಲಿ ನೀನು ಅವನಿಗಾಗಿ ಒಪ್ಪಿಕೊಂಡಿರುವ ಊಟಗಳನ್ನು (ಅಣ್ಣ ಹೇಳಿದ) ಬಿಡಿಸಬೇಡ. ಹೋಗಲಿ, ಮಣೆಯ ಮೇಲೆ ಕೂರಲಿ. ಮೊದಲ ದಿನ ಅವನ ಅಂಗೈಗೆ ನೀರು ಹಾಕಿ ಸಂಕಲ್ಪ ಮಾಡಿಸು: ಸಿಹಿ ಇಲ್ಲ, ಒಂದೇ ಸಲ ಬಡಿಸಿಕೊಳ್ಳುವುದು, ಬೇಡವಾದದ್ದನ್ನು ಮೊದಲೇ ಬೇಡ ಎನ್ನುವುದು, ಸಂಜೆ ನಿನ್ನ ಜೊತೆ ಗುಡಿಯವರೆಗೆ ನಡೆಯುವುದು. ಎಲೆಯಲ್ಲಿ ಬಿಟ್ಟರೂ ಯಾರ ಫಲವೂ ಕಡಿಮೆಯಾಗುವುದಿಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದರೆ ಅದೂ ಅರ್ಥಶಾಸ್ತ್ರವಾಗುತ್ತದೆ. ಅಧಿಕಮಾಸದ ವ್ರತಕ್ಕೆ ಅಧಿಕ ಫಲ ಅನ್ನುತ್ತೀಯಲ್ಲ, ನಮಗೆ ಅಧಿಕ ತೂಕ ಇನ್ನೂ ಅಧಿಕವಾಗದಿದ್ದರೆ ಸಾಕು. ತುಪ್ಪದಲ್ಲಿ ಕರಿದ ಮೂವತ್ತಮೂರು ಅಪೂಪದ ದಾನ ಎಂದಿನಂತೆ ನಿನ್ನ ಅಳಿಯನಿಗೇ ಕೊಡು. ಅವರು ಈಗಾಗಲೇ ಬೆಲ್ಟಿನಲ್ಲಿ ಹೊಸ ತೂತು ಮಾಡಿಸಿಕೊಂಡು ಸಿದ್ಧರಾಗಿದ್ದಾರೆ. ಎಲ್ಲವನ್ನೂ ತಿನ್ನಲು ನಾನು ಬಿಡುವುದಿಲ್ಲ, ಆ ಮಾತು ಅವರಿಗೆ ಹೇಳಬೇಡ.

ತಂಬಿಗೆಯ ಮಾತು ಮರೆತುಬಿಡು. ಮರೆಯಲಾಗದಿದ್ದರೆ ನಾನು ಬಂದಾಗ ನಿನ್ನ ತಂಬಿಗೆಗಳನ್ನೆಲ್ಲ ತಿಕ್ಕಿಕೊಡುತ್ತೇನೆ.

ಸದಾ ನಿನ್ನ ಬೈಗುಳಕ್ಕೆ ಹಕ್ಕುದಾರಳಾದ
ಕೃಷ್ಣಪ್ರಿಯಾ

ತಾ.ಕ.: ಅಜ್ಜಿ, ನಾನು ಸುಮಂತ. ಅಮ್ಮ ಈ ಪತ್ರಕ್ಕ ಅಂಟು ಹಚ್ಚಲಿಕ್ಕೆ ನನಗ ಕೊಟ್ಟಾಳ. ಓದೀನಿ. ಎಲ್ಲ ಖರೇ ಬರದಾಳ, ಒಂದು ಬಿಟ್ಟಾಳ. ಆಕಿ ಸೆರಗು ಹೊದ್ದುಕೊಳ್ಳೋದು ಕಾಲೇಜಿನ ಸಲುವಾಗಿ ಅಲ್ಲ. ತಲಿ ಬಾಚಿಕೊಳ್ಳುವಾಗ ನೋಡೀನಿ, ಆಕಿ ಕುತ್ತಿಗಿ ಹಿಂದನೂ ನನ್ನಂಗs ಐತಿ. ಅದಕ್ಕs ರಕ್ತ ಕೊಡಲಿಲ್ಲ, ಹೆದರ್ಯಾಳ. ಸಂಕಲ್ಪಕ್ಕ ಕೂಡಲಿಕ್ಕೆ ಎರಡು ಮಣಿ ಹಾಕು. ಆಕಿಗೂ ನೀರು ಹಾಕು, ನೀನು ಹಾಕಿದರ ಆಕಿ ಇಲ್ಲ ಅನ್ನಂಗಿಲ್ಲ. ಆದರ ಅಜ್ಜಿ, ತಿಕ್ಕಬ್ಯಾಡ. ಭಾಳ ಉರೀತದ.