ಚೆಲೆಸ್ತೀನೊನ ಟ್ಯಾಂಕಿಗೆ ಬಿದ್ದ ನಮ್ಮ ಮೊಸ್ಕಾತೊ

ಸ್ಟ್ರೇವಿ, ಅಡುಗೆಮನೆಯ ಮೇಜು
ಡಿಸೆಂಬರ್ ೪

ಪ್ರೀತಿಯ ಮಗ ಲಿವಿಯೋ,

ಹೇಗಿದ್ದೀಯಪ್ಪಾ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ಟ್ರಾಮ್ ಓಡಿಸುತ್ತ ಕೂತೇ ಇರುವವನಿಗೆ ಸೊಂಟ ಹಿಡಿಯದೆ ಇನ್ನೇನು ಹಿಡಿಯುತ್ತದೆ? ನಾನು ಕಳಿಸಿದ ಉಣ್ಣೆಯ ಪಟ್ಟಿಯನ್ನು ಅಂಗಿಯ ಒಳಗೆ ಕಟ್ಟಿಕೋ, ಯಾರಿಗೂ ಕಾಣುವುದಿಲ್ಲ, ನಾಚಿಕೆ ಬೇಡ. ಸಿಗ್ರಿಡ್‌ಳ ಕೆಮ್ಮು ಹೇಗಿದೆ? ಮಧ್ಯಾಹ್ನವೇ ಕತ್ತಲಾಗುವ ಆ ಗೋಥೆನ್‌ಬರ್ಗಿನಲ್ಲಿ ಗಂಡ ಹೆಂಡತಿ ಹೇಗೆ ಬದುಕುತ್ತೀರೋ ದೇವರೇ ಬಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ಮೆಟ್ಟಿಲು ಕಂಡರೆ ಮೊಣಕಾಲು ಮಾತ್ರ ಗೊಣಗುತ್ತದೆ. ಅದೊಂದನ್ನು ಬಿಟ್ಟರೆ ಈ ಚಳಿಗಾಲದಲ್ಲಿ ನನ್ನಷ್ಟು ಹುರುಪಿನ ಹೆಂಗಸು ಈ ಗುಡ್ಡದ ಮೇಲೆ ಇನ್ನೊಬ್ಬಳಿಲ್ಲ, ಬೇಕಾದರೆ ಯಾರನ್ನಾದರೂ ಕೇಳು.

ಈ ಕಾಗದದ ಜೊತೆ ಬಂದ ಪೆಟ್ಟಿಗೆಯನ್ನು ತೆರೆದಿದ್ದರೆ ಈಗಾಗಲೇ ಕೂಗಾಡುತ್ತಿರುತ್ತೀಯ. ಹೌದು, ಬಾಟಲಿಗಳಲ್ಲಿ ಇರುವ ವೈನು ಗುಲಾಬಿ ಬಣ್ಣದ್ದೇ, ನಿನ್ನ ಕಣ್ಣಿಗೇನೂ ಆಗಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಅಂಗಳದಲ್ಲಿ ನಿಂತು ‘ಅಪ್ಪನ ಬಿಳಿ ಮೊಸ್ಕಾತೊಗೆ ಬೇರೆಯವರದ್ದು ಒಂದು ಹನಿ ಸೇರಿದ್ರೂ ನಾನು ಈ ಮನೆ ಹೊಸಿಲು ತುಳಿಯಲ್ಲ’ ಎಂದು ನೀನು ಆಡಿದ ಮಾತು ನನಗೆ ಮರೆತಿಲ್ಲ. ಸೇರಿದೆ, ಮಗನೇ. ಅದೂ ಎದುರುಮನೆಯ ಚೆಲೆಸ್ತೀನೊನ ಕೆಂಪು ವೈನು, ಬ್ರಾಕೆತ್ತೊ! ಕೈ ಮುಗಿಯುತ್ತೇನೆ, ಬಾಟಲಿಯನ್ನು ಸಿಂಕಿಗೆ ಸುರಿಯುವ ಮೊದಲು ಈ ಕಾಗದವನ್ನು ಕೊನೆಯ ಸಾಲಿನವರೆಗೆ ಓದು, ಆಮೇಲೆ ಎಷ್ಟು ಬೇಕಾದರೂ ಬೈ. ನೀನು ಅಂದು ಆಡಿದ ಮಾತು ಇನ್ನೂ ಹಾಗೆಯೇ ಇದೆಯೋ, ಇಲ್ಲ ಸ್ವಲ್ಪ ಮೆತ್ತಗಾಗಿದೆಯೋ, ಅದೊಂದು ನನಗೆ ಗೊತ್ತಾಗಬೇಕು.

ಅದಕ್ಕೂ ಮೊದಲು ಸಿಗ್ರಿಡ್‌ಗೆ ಒಂದು ಪಾಠ. ಇದನ್ನು ಅವಳ ಭಾಷೆಯಲ್ಲಿ ಓದಿ ಹೇಳು, ನಡುವೆ ನಿನ್ನ ಒಗ್ಗರಣೆ ಬೇಡ. ಆ ಹುಡುಗಿ ವೈನ್ ಎಂದರೆ ಮುಖ ಸಿಂಡರಿಸುವುದಕ್ಕೆ ನೀನೇ ಕಾರಣ. ನಾನು ಕೊಟ್ಟ ಮೊಸ್ಕಾತೊವನ್ನು ‘ಒಳ್ಳೆ ದಿನ ಬರ್ಲಿ’ ಎಂದು ಬೀರುವಿನಲ್ಲಿ ವರ್ಷಗಟ್ಟಲೆ ಕೂಡಿಟ್ಟು, ಅವಳು ಮೊದಲ ಬಾರಿ ವೈನ್ ಕುಡಿಯುವ ದಿನ ಅದನ್ನೇ ತೆಗೆದು ಕೊಟ್ಟೆಯಲ್ಲ! ಗುಳ್ಳೆಯೆಲ್ಲ ಸತ್ತು, ಬೇಯಿಸಿದ ಸೇಬಿನ ನೀರಿನ ಹಾಗಿತ್ತಂತೆ. ಇಟ್ಟಷ್ಟೂ ರುಚಿಗೂಡುವ ಬರೋಲೊ ವೈನನ್ನು ಇಟ್ಟ ಹಾಗೆ ಮೊಸ್ಕಾತೊವನ್ನು ಇಡುತ್ತಾರೇನೋ, ಮೊಸ್ಕಾತೊ ಬೆಳೆಯುವ ಮನೆಯಲ್ಲಿ ಹುಟ್ಟಿದವನೇ? ನಿನ್ನಪ್ಪನ ಕಿವಿಗೆ ಬಿದ್ದಿದ್ದರೆ ಅಲ್ಲಿಯವರೆಗೆ ನಡೆದುಕೊಂಡು ಬಂದು ಕಿವಿ ಹಿಂಡುತ್ತಿದ್ದರು. ಈ ವರ್ಷದ್ದನ್ನು ಈ ವರ್ಷವೇ ಕುಡಿದು ಮುಗಿಸಬೇಕು, ಅಷ್ಟೇ ವಿಷಯ.

ಸಿಗ್ರಿಡ್, ಕೇಳಮ್ಮಾ. ಬಾಟಲಿಯನ್ನು ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಡು. ನಿಮ್ಮೂರಿನಲ್ಲಿ ಕಿಟಕಿಯ ಹೊರಗಿಟ್ಟರೂ ಸಾಕು, ಆದರೆ ಹೆಪ್ಪುಗಟ್ಟಲು ಬಿಡಬೇಡ. ಕುಲುಕಬೇಡ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಮೆಲ್ಲಗೆ ತಿರುಗಿಸು, ಉಸ್ ಎಂದರೆ ಸಾಕು, ಢಂ ಎನ್ನುವುದು ಬೇಡ, ಹೋದ ವರ್ಷ ನಮ್ಮ ಪಾದ್ರಿಗಳ ಕನ್ನಡಕ ಹಾರಿಹೋಯಿತು. ಆ ಉದ್ದ ಸಪೂರ ಲೋಟದಲ್ಲಿ ಮೂಗು ಹಿಡಿಸುವುದಿಲ್ಲ, ಅಗಲ ಬಾಯಿಯದು ತೆಗೆದುಕೋ. ಕುಡಿಯುವ ಮೊದಲು ಮೂಸಿ ನೋಡು. ಮೊದಲು ಪೀಚ್ ಹಣ್ಣು ಬರುತ್ತದೆ, ಅದರ ಹಿಂದೆಯೇ ಗುಲಾಬಿ, ಆಮೇಲೆ ಕಾಡು ಸ್ಟ್ರಾಬೆರಿ. ಏನೂ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಎರಡನೇ ಗುಟುಕಿಗೆ ಸಿಗುತ್ತದೆ. ಇದರಲ್ಲಿ ಅಮಲು ಬಿಯರಿನಷ್ಟೇ. ಆದರೆ ಸಿಹಿ ನೋಡು, ಗಟಗಟ ಇಳಿಯುತ್ತದೆ, ಮೋಸ ಇರುವುದು ಅಲ್ಲಿಯೇ. ಮಾಂಸದ ಜೊತೆ ಕುಡಿಯಬೇಡ, ಊಟ ಮುಗಿದ ಮೇಲೆ ಕೇಕಿನ ಜೊತೆ ಕುಡಿ. ಕೇಕಿಗಿಂತ ವೈನೇ ಹೆಚ್ಚು ಸಿಹಿಯಿರಬೇಕು, ಇಲ್ಲದಿದ್ದರೆ ಪಾಪ ವೈನು ಹುಳಿ ಎನಿಸಿಬಿಡುತ್ತದೆ. ಅದಕ್ಕೇ ನಾನು ಮಾಡಿದ ಹೇಝಲ್ ಬೀಜದ ಕೇಕನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಒಣಕಲು ಅನ್ನಬೇಡ, ಅದು ಹಾಗೆಯೇ ಇರಬೇಕು. ಒಂದು ತುಂಡು ಬಾಯಿಗೆ, ಮೇಲೊಂದು ಗುಟುಕು. ತೆರೆದ ಬಾಟಲಿಯನ್ನು ಅಂದೇ ಮುಗಿಸಿ, ಮರುದಿನಕ್ಕೆ ಗುಳ್ಳೆ ಇರುವುದಿಲ್ಲ.

ಈಗ ನಿನ್ನ ಸರದಿ, ಲಿವಿಯೋ. ಅಕ್ಟೋಬರಿನ ಆ ಭಾನುವಾರ ಟ್ಯಾಂಕಿನಲ್ಲಿ ರಸ ಚೆನ್ನಾಗಿ ಹುದುಗುತ್ತಿತ್ತು. ಅರ್ಧ ಸಿಹಿ ಉಳಿದಿರುವಾಗಲೇ ಕೊರೆಯುವಷ್ಟು ತಣ್ಣಗೆ ಮಾಡಿ ಹುದುಗನ್ನು ಮಲಗಿಸಬೇಕು ಎಂದು ನಿನಗೆ ನಾನು ಹೇಳಬೇಕೇ? ರುಚಿ ನೋಡಿದೆ, ಸರಿಯಾದ ಹದ. ತಂಪು ಯಂತ್ರದ ಗುಂಡಿ ಒತ್ತಿದೆ. ಅದು ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಒದ್ದೆ, ಬೈದೆ, ಸಂತ ಅಂತೋನಿಯೊಗೆ ಹರಕೆ ಹೊತ್ತೆ, ಊಹೂಂ. ಭಾನುವಾರ ಊಟದ ಹೊತ್ತಿನಲ್ಲಿ ಯಾವ ರಿಪೇರಿಯವನು ಫೋನ್ ಎತ್ತುತ್ತಾನೆ? ಒತ್ತಡದ ಮುಳ್ಳು ಏರುತ್ತಲೇ ಇತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಸಿಹಿಯೆಲ್ಲ ಹುದುಗಿನ ಹೊಟ್ಟೆಗೆ ಹೋಗಿ, ಅಪ್ಪನ ಬಳ್ಳಿಗಳ ವರ್ಷದ ಬೆಳೆಯೆಲ್ಲ ಯಾರಿಗೂ ಬೇಡದ ಒಗರು ನೀರು. ಏಪ್ರನ್ ಕೂಡ ಬಿಚ್ಚದೆ ದಾರಿ ದಾಟಿ ಚೆಲೆಸ್ತೀನೊನ ಬಾಗಿಲು ಬಡಿದೆ.

ಅಪ್ಪನಿಗೂ ಅವನಿಗೂ ಎಣ್ಣೆ ಸೀಗೇಕಾಯಿ ಎಂಬುದು ಊರಿಗೇ ಗೊತ್ತು. ಅಪ್ಪ ಅವನ ಕೆಂಪು ವೈನನ್ನು ‘ಕೆಮ್ಮಿನ ಔಷಧಿ’ ಎನ್ನುವರು, ಅವನು ನಮ್ಮದನ್ನು ‘ಕೂಸುಗಳ ಪಾನಕ’ ಎನ್ನುವನು. ಆ ಮನುಷ್ಯ ಕೊರಳಿಗೆ ಊಟದ ಬಟ್ಟೆ ಕಟ್ಟಿಕೊಂಡೇ ಹೊರಬಂದ. ನಾನು ಹೇಳಿದ್ದೆಲ್ಲ ಕೇಳಿ, ‘ನೋಡಿ ದೆಲ್ಫೀನಾ, ನನ್ ಹತ್ರ ಇರೋದು ಒಂದೇ ತಂಪು ಟ್ಯಾಂಕು. ಅದರ ತಳದಲ್ಲಿ ನನ್ ಬ್ರಾಕೆತ್ತೊ ಮೊಣಕಾಲುದ್ದ ಇದೆ, ತೆಗೆದಿಡೋಕೆ ಬೇರೆ ಪಾತ್ರೆ ಇಲ್ಲ. ಸುರಿದ್ರೆ ಎರಡೂ ಒಂದಾಗುತ್ತೆ, ಆಮೇಲೆ ಬೇರೆ ಮಾಡೋಕೆ ಆ ದೇವ್ರ ಕೈಲೂ ಆಗಲ್ಲ. ನಿಮ್ ಮಗ ಏನಂತಾನೋ, ನೀವೇ ಹೇಳ್ಬೇಕು’ ಎಂದ. ತನ್ನ ವರ್ಷದ ಬೆಳೆಯೂ ಕೆಡಬಹುದು ಎಂಬುದರ ಬಗ್ಗೆ ಚಕಾರ ಎತ್ತಲಿಲ್ಲ, ಅದು ನನಗೆ ಆಮೇಲೆ ಹೊಳೆಯಿತು.

ಲಿವಿಯೋ, ಆಗ ನಿನ್ನ ಮುಖ ಕಣ್ಣ ಮುಂದೆ ಬಂತು. ಅಪ್ಪನ ಮುಖವೂ ಬಂತು. ಅವರಾಗಿದ್ದರೆ ಮೋರಿಗಾದರೂ ಸುರಿಯುತ್ತಿದ್ದರು, ಅವನ ಟ್ಯಾಂಕಿಗೆ ಸುರಿಯುತ್ತಿರಲಿಲ್ಲ. ಆದರೆ ಆ ಇಳಿಜಾರಿನಲ್ಲಿ ಬಾಗಿ ಬಾಗಿ ಗೊಂಚಲು ಕತ್ತರಿಸಿದವಳು ನಾನು, ಮೋರಿಗೆ ಸುರಿಯಲು ನನಗೆ ಮನಸ್ಸು ಬರಲಿಲ್ಲ. ‘ಪೈಪ್ ಎಳೀರಿ’ ಎಂದೆ. ನಮ್ಮ ನೆಲಮಾಳಿಗೆಯಿಂದ ಅವನ ನೆಲಮಾಳಿಗೆಗೆ, ನಡುರಸ್ತೆಯ ಮೇಲೆ ಪೈಪು! ಎರಡೂ ಕಡೆ ಕಾರುಗಳು ನಿಂತವು. ಮುಂದಿನ ಕಾರಿನಲ್ಲಿದ್ದವಳು ಯಾರು ಗೊತ್ತೇ? ಸಾಕ್ಷಾತ್ ನಿನ್ನ ಓಟಾವಿಯಾ ಅತ್ತೆ. ಕಿಟಕಿಯಿಂದ ತಲೆ ಹಾಕಿ ‘ದೆಲ್ಫೀನಾ, ನಿನ್ ತಲೆ ನೆಟ್ಟಗಿದ್ಯೇನೇ? ನಮ್ಮಣ್ಣ ಗೋರಿಯಿಂದ ಎದ್ದು ಬರ್ತಾನೆ ಕಣೇ!’ ಎಂದು ಕಿರುಚಿದಳು. ‘ಬರ್ಲಿ, ಪೈಪ್ ಹಿಡಿಯೋಕೆ ಜನ ಸಾಲ್ದು’ ಎಂದೆ. ನಿಂತ ಕಾರುಗಳಲ್ಲೆಲ್ಲ ನಗು.

ನವೆಂಬರಿನಲ್ಲಿ ಟ್ಯಾಂಕಿನ ನಲ್ಲಿ ತಿರುಗಿಸಿದೆವು. ಅಯ್ಯೋ, ಹೇಗೆ ಹೇಳಲಿ! ಚಳಿಯಲ್ಲಿ ಆಡಿ ಬಂದ ಮಗುವಿನ ಕೆನ್ನೆಯ ಬಣ್ಣ. ಮೇಲೆ ತೆಳ್ಳಗೆ ನೊರೆ. ಬಾಯಿಗಿಟ್ಟರೆ ಮೊದಲು ನಮ್ಮ ಮೊಸ್ಕಾತೊವೇ, ಅಪ್ಪನದೇ, ನಿನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಆಮೇಲೆ ನಾಲಗೆಯ ತುದಿಗೆ ಇನ್ನೇನೋ ಒಂದು ತುಂಟತನ. ನಾನು ನಕ್ಕೆ, ಸುಮ್ಮನೆ ನಕ್ಕೆ, ಅಪ್ಪ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ. ಚೆಲೆಸ್ತೀನೊ ಟೋಪಿ ತೆಗೆದು, ‘ಇಷ್ಟು ವರ್ಷ ನಾವಿಬ್ರು ಗಂಡಸ್ರು ಬಾಯಿ ಬಡ್ಕೊಂಡಿದ್ದು ಬರೀ ದಂಡ’ ಎಂದ. ಅತ್ತೆಯನ್ನು ಕರೆದು ಕುಡಿಸಿದೆ. ಮೂಗು ಮುರಿದು, ‘ಇದೂ ಒಂದು ವೈನಾ?’ ಎಂದಳು. ಲೋಟ ಖಾಲಿ ಮಾಡಿದಳು. ಮತ್ತೆ ಮುಂದೆ ಚಾಚಿ, ‘ಇನ್ನೊಂಚೂರು ಹಾಕು, ಬೈಯೋಕೆ ಗಂಟಲು ಒಣಗಿದೆ’ ಎಂದಳು.

ಹೊಸ ಯಂತ್ರ ಬಂದಿದೆ. ಬರುವ ವರ್ಷ ಅಪ್ಪನ ಬಿಳಿ ಮೊಸ್ಕಾತೊವನ್ನು ಅಪ್ಪನ ರೀತಿಯಲ್ಲೇ ಮಾಡುತ್ತೇನೆ, ಅದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಗುಲಾಬಿಯನ್ನೂ ಮಾಡುತ್ತೇನೆ, ಈ ಸಲ ಬೇಕೆಂದೇ. ಚೆಲೆಸ್ತೀನೊ ಟ್ಯಾಂಕು ನೋಡುವ ನೆಪದಲ್ಲಿ ದಿನಾ ಬರುತ್ತಿದ್ದ, ಬಾಟಲಿ ತುಂಬಿ ಮುಗಿದ ಮೇಲೂ ಬರುತ್ತಾನೆ. ಬೇಸಿಗೆಗೆ ಒಪ್ಪುವ ವೈನೇ ಆದರೂ ಇದನ್ನು ಕ್ರಿಸ್‌ಮಸ್ ರಾತ್ರಿ ಹಬ್ಬದ ಪನೆತ್ತೋನೆ ಕೇಕಿನ ಜೊತೆ ನೀವಿಬ್ಬರೂ ಕುಡಿಯಿರಿ, ಕುಡಿದು ನನಗೆ ಫೋನ್ ಮಾಡು. ಸಿಟ್ಟಿದ್ದರೆ ಸಿಟ್ಟನ್ನೇ ಹೇಳು, ಸುಮ್ಮನಿದ್ದು ಮಾತ್ರ ಕೊಲ್ಲಬೇಡ.

ನಿಮ್ಮಿಬ್ಬರ ತಲೆಯ ಮೇಲೂ ನನ್ನ ಕೈ ಸದಾ ಇದೆ. ಮಾತೆ ಮರಿಯಾ ನಿಮ್ಮನ್ನು ಬೆಚ್ಚಗಿಡಲಿ. ಸಿಗ್ರಿಡ್‌ಗೆ ಎರಡು ಮುತ್ತು, ನಿನಗೆ ಒಂದು, ಉಳಿದದ್ದು ಫೋನ್ ಬಂದ ಮೇಲೆ.

ನಿನ್ನ ಅಮ್ಮ,
ದೆಲ್ಫೀನಾ

ವಿ.ಸೂ.: ಪಾರ್ಸೆಲ್ಲಿನವನು ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆದುಬಿಡುತ್ತೇನೆ. ಚೆಲೆಸ್ತೀನೊ ‘ನನ್ನನ್ನ ಮದುವೆಯಾಗ್ತೀರಾ?’ ಎಂದು ಕೇಳಿದ. ಬಾಟಲಿ ತೊಳೆಯುತ್ತಿದ್ದೆವು, ಇಬ್ಬರ ಕೈಯೂ ಒದ್ದೆ. ‘ಮಗನ್ನ ಕೇಳಿ ಹೇಳ್ತೀನಿ’ ಎನ್ನಲು ಬಾಯಿ ತೆರೆದೆ, ‘ಹೂಂ’ ಎಂದು ಬಂತು. ಆದ್ದರಿಂದ ಒಪ್ಪಿಗೆ ಕೇಳುತ್ತಿಲ್ಲ ಲಿವಿಯೋ, ಆ ಮಾತು ಆಗಿಹೋಯಿತು. ಜನವರಿಯಲ್ಲಿ ಸಂತ ಅಂತೋನಿಯೊ ಹಬ್ಬದಂದು ಊರಿನ ಟ್ರ್ಯಾಕ್ಟರುಗಳಿಗೆ ಆಶೀರ್ವಾದ ಮಾಡಿದ ಮರುದಿನ ಬೆಳಿಗ್ಗೆ ನಮಗೂ ಮಾಡುತ್ತೇನೆಂದು ಪಾದ್ರಿಗಳು ಹೇಳಿದ್ದಾರೆ. ಚರ್ಚಿನ ಬಾಗಿಲಿನಿಂದ ಒಳಗೆ ಕೈಹಿಡಿದು ಕರೆದುಕೊಂಡು ಹೋಗಲು ಹುಡುಗಿಗೆ ಅಪ್ಪನಿರುತ್ತಾನೆ, ಅಣ್ಣನಿರುತ್ತಾನೆ. ಈ ವಯಸ್ಸಿನಲ್ಲಿ ನನಗಿರುವುದು ನೀನೊಬ್ಬನೇ. ಬರುತ್ತೀಯಾ, ಕಂದಾ?