ಬ್ರೇಕಿನ ಮೇಲಿನ ಕಾಲು

ಬಾಬಾಜಾನ ಭಾಯಿ,

ಇವತ್ತು ಯಲವಿಗಿಯಲ್ಲಿ ಟ್ರೇಲರ್ ಬಿಚ್ಚಿಟ್ಟು, ಲಾರಿಯ ಮುಂದಿನ ಇಂಜಿನ್ ಭಾಗವನ್ನಷ್ಟೇ ಓಡಿಸಿಕೊಂಡು ಸವಣೂರಿಗೆ ಬರುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಹೊಲದಿಂದ ಬಂದ ಟ್ರ್ಯಾಕ್ಟರುಗಳು ರಸ್ತೆಯ ತುಂಬ ಎರೆಮಣ್ಣು ಮೆತ್ತಿಹೋಗಿದ್ದವು. ತಿರುವಿನಲ್ಲಿ ಹಿಂದಿನ ಗಾಲಿಗಳು ಜಾರಿ ಗಾಡಿ ಅಡ್ಡಡ್ಡ ಹೊರಟಿತು. ಎದುರಿಗೆ ಒಂದು ಆಡು.

"ಗಾಡಿ ಜಾರಿದ್ರ ಬ್ರೇಕ್ ಮುಟ್ಟಬ್ಯಾಡ. ಜಾರಿದ ಕಡೆನ ಸ್ಟೇರಿಂಗ್ ಹೊಳ್ಳಸು" ಎಂದು ತಮ್ಮನಾದ ನನಗೆ ಕಲಿಸಿದವನು ನೀನೇ. ಹಾಗೇ ಮಾಡಿದೆ. ಗಾಡಿ ನೆಟ್ಟಗಾಯಿತು. ಆಡು ಉಳಿಯಲಿಲ್ಲ.

ಹೋದ ಮಳೆಗಾಲ ದುಂಡಸಿ ಹತ್ತಿರ ಗಾಡಿ ಜಾರಿ ಹಳ್ಳಕ್ಕೆ ಬಿದ್ದಾಗ ನಿನ್ನ ಹೆಣವನ್ನು ಎತ್ತಿದವರು, "ಕಾಲು ಇನ್ನೂ ಬ್ರೇಕಿನ ಮ್ಯಾಲ ಐತಿ. ಬ್ರೇಕ್ ಒತ್ಯಾನ. ತಾ ಕಲಿಸಿದ್ದನ್ನ ತಾನ ಮರತಾನ" ಅಂದಿದ್ದರು. ನಾನೂ ಹಾಗೆಂದೇ ನಂಬಿದ್ದೆ.

ನನ್ನೆದುರು ಬಂದದ್ದು ಆಡು. ಅವತ್ತು ನಿನ್ನೆದುರು ಯಾರಿದ್ದರು, ಭಾಯಿ?