ಹುಲ್ಲುಗಾಡಿಯ ಮೇಲಿಂದ ಕೂಗಿದ್ದು

ನನ್ನ ತಂಗಿ ಮಾರ್ಗಿಟ್‌ಗೆ,

ಒಂದೇ ಸೂರಿನಡಿ ಇದ್ದು, ಒಂದೇ ಕೆಟಲಿನ ಕಾಫಿ ಕುಡಿದುಕೊಂಡು ತಂಗಿಗೆ ಕಾಗದ ಬರೆಯುವ ಅಣ್ಣ ಈ ಕಣಿವೆಯಲ್ಲಿ ನಾನೊಬ್ಬನೇ ಇರಬೇಕು. ನಗಬೇಕೆನಿಸಿದರೆ ಈಗಲೇ ನಕ್ಕುಬಿಡು, ಮುಂದೆ ಓದಿದ ಮೇಲೆ ನಗು ಬರಲಿಕ್ಕಿಲ್ಲ. ಗ್ಲೆನ್‌ನನ್ನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನೀನು ಡಿಲ್ಲನ್‌ಗೆ ಹೋಗಿ ಒಂದು ಗಂಟೆಯಾಯಿತು. ದನದ ಡಾಕ್ಟರು ಅವನ ಹಲ್ಲು, ಕಿವಿ ನೋಡಿ, ಈ ನಾಯಿ ರಾಜ್ಯದ ಗಡಿ ದಾಟಬಹುದು ಅಂತ ಸರ್ಟಿಫಿಕೇಟು ಬರೆದುಕೊಡಬೇಕು. ಶನಿವಾರ ಐಡಹೋದಿಂದ ವೆಂಡೆಲ್ ಬಂದು ಅವನನ್ನು ತನ್ನ ದನ ಕಾಯಲು ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ನಾನು ನಿನಗೆ ಒಂದು ವಿಷಯ ಹೇಳಲೇಬೇಕು. ಬಾಯಲ್ಲಿ ಹೇಳೋಣ ಅಂತ ಐದು ವಾರದಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ಬೆಳಗಿನ ಮೇವು ಹಾಕಿ ಬಂದು, ಕೈಗವಸುಗಳನ್ನು ಒಲೆಯ ಪಕ್ಕ ಒಣಗಲು ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ನಿನ್ನ ಮುದಿ ನಾಯಿ ಮೆಗ್ ಒಲೆಯ ಹತ್ತಿರ ಮಲಗಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಆ ದಿನ ಅವಳೂ ಅಲ್ಲಿದ್ದಳು. ಅವಳಿಗೆ ಮಾತು ಬರುತ್ತಿದ್ದರೆ ನಾನು ಪೆನ್ನು ಹಿಡಿಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮೊದಲು ನಿನ್ನನ್ನು ಸ್ವಲ್ಪ ಹೊಗಳುತ್ತೇನೆ. ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ. ನೀನು ಮೊದಲನೇ ನಾಯಿಮರಿಯನ್ನು ಕೋಟಿನೊಳಗೆ ಇಟ್ಟುಕೊಂಡು ಮನೆಗೆ ತಂದಾಗ ನಾನು ಅಪ್ಪನ ಮುಂದೆಯೇ ಕೇಳಿದ್ದೆ: ‘ಇದೇನೇ, ಇಲಿ ಹಿಡಿಯೋಕಾ?’ ಆಗ ನಮ್ಮಲ್ಲಿ ಇನ್ನೂರು ಹಸುಗಳನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಸಾಗಿಸಲು ಐದು ಜನ ಕುದುರೆ ಏರಬೇಕಿತ್ತು, ಅರ್ಧ ದಿನ ಬೈದಾಡಬೇಕಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದೇ ಕೆಲಸವನ್ನು ನೀನೂ ನಿನ್ನ ‘ಇಲಿ ಹಿಡಿಯೋದೂ’ ಸೇರಿ, ಕಾಫಿ ಆರುವುದರೊಳಗೆ ಮುಗಿಸಿ ಬರತೊಡಗಿದಿರಿ. ಅಪ್ಪ ಕಿಟಕಿಯಿಂದ ನೋಡಿ ‘ನೋಡೋ ಆರ್ವಿಡ್, ಅವಳು ಬಾಯೇ ಬಿಡ್ಲಿಲ್ಲ’ ಅಂದಿದ್ದರು. ನನಗೆ ಹೊಟ್ಟೆಕಿಚ್ಚಾಗಿತ್ತು. ಇವತ್ತು ಒಪ್ಪಿಕೊಳ್ಳುತ್ತೇನೆ, ಈಗಲೂ ಸ್ವಲ್ಪ ಆಗುತ್ತದೆ.

ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಬೆಳಗುಗಳಲ್ಲಿ ನಿನ್ನನ್ನು ನೋಡಿದವರಿಗೆ ಮಾತ್ರ ನೀನು ಯಾರು ಅಂತ ಗೊತ್ತಾಗುವುದು. ಆ ಚಳಿಯಲ್ಲಿ ನಾಯಿಗಳಿಗೆ ಊದುವ ಲೋಹದ ಸೀಟಿ ತುಟಿಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ. ಅದಕ್ಕೆ ನೀನು ಮನೆ ಬಿಡುವ ಮೊದಲೇ ಸೀಟಿಯನ್ನು ಕೆನ್ನೆಯೊಳಗೆ ಒತ್ತರಿಸಿ ಬೆಚ್ಚಗಿಟ್ಟುಕೊಳ್ಳುತ್ತೀಯ. ನಾಯಿಗಳ ಬೆರಳುಗಳ ನಡುವೆ ಹಿಮ ಗಟ್ಟಿಯಾಗಿ ಕಲ್ಲಾದರೆ, ಹಿಮದ ಮೇಲೆಯೇ ಮಂಡಿಯೂರಿ, ಕೈಗವಸು ಬಿಚ್ಚಿ, ಬರಿಗೈಯಲ್ಲಿ ಕರಗಿಸಿ ತೆಗೆಯುತ್ತೀಯ. ನಿನ್ನ ಬೆರಳ ತುದಿಗಳು ಬೆಳ್ಳಗಾಗಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮನೆಗೆ ಬಂದರೆ ಮೊದಲು ಅವುಗಳ ಬಟ್ಟಲು ತುಂಬಬೇಕು, ಆಮೇಲೆ ನಿನ್ನ ಬೂಟಿನ ದಾರ ಬಿಚ್ಚುವುದು. ‘ಮೊದ್ಲು ನೀನು ಕೂತ್ಕೊಂಡು ಏನಾದ್ರೂ ತಿನ್ನೇ’ ಅಂದರೆ ‘ನಾನು ಗಾಡಿ ಮೇಲೆ ಕೂತಿದ್ದೆ ಕಣೋ ಅಣ್ಣ, ಅವು ಓಡಾಡಿದ್ದಾವೆ’ ಅನ್ನುತ್ತೀಯ.

ಗ್ಲೆನ್ ವಿಷಯದಲ್ಲಿ ನೀನು ತೋರಿಸಿದ ತಾಳ್ಮೆ ಇನ್ನೊಂದು ತೂಕದ್ದು. ಯಾರೋ ಹೊಡೆದು ಬಡಿದು ಹೆದರಿಸಿ, ಕೆಲಸಕ್ಕೆ ಬಾರದ್ದು ಅಂತ ವಾಪಸು ಕೊಟ್ಟ ನಾಯಿ. ಕೈ ಎತ್ತಿದರೆ ಸಾಕು, ಗಾಡಿಯ ಕೆಳಗೆ ಹೋಗಿ ಅಡಗುತ್ತಿದ್ದ. ನೀನು ಒಂದಿಡೀ ಬೇಸಿಗೆ ಅವನಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಬೇಲಿ ನೋಡಲು ಹೋದರೆ ಅವನು ಜೊತೆಗೆ, ಕಾಲುವೆಗೆ ನೀರು ತಿರುಗಿಸಲು ಹೋದರೆ ಅವನು ಜೊತೆಗೆ. ನಾನು ಮೂಗು ಮುರಿಯುತ್ತಿದ್ದೆ: ‘ಏನು, ಅವನನ್ನ ವಾಕಿಂಗ್ ಕರ್ಕೊಂಡು ಹೋಗ್ತಿದೀಯಾ?’ ಶರತ್ಕಾಲ ಬರುವ ಹೊತ್ತಿಗೆ ಆ ನಾಯಿ ನಿನ್ನ ಉಸಿರಿಗೂ ಕಿವಿ ನಿಮಿರಿಸುತ್ತಿತ್ತು. ಮೆಗ್ ಮೂರು ವರ್ಷ ತೆಗೆದುಕೊಂಡ ಕೆಲಸವನ್ನು ಅವನು ಒಂದೇ ವರ್ಷದಲ್ಲಿ ಕಲಿತ.

ಇನ್ನು ಆ ದಿನದ ಮಾತು. ಡಿಸೆಂಬರಿನ ಮೊದಲ ವಾರ ನೀನು ಜ್ವರದಿಂದ ಮಲಗಿದ್ದೆ. ನಾನು ಹೊರಡುವಾಗ ಕಂಬಳಿಯ ಒಳಗಿಂದಲೇ ಹೇಳಿದೆ: ‘ಗ್ಲೆನ್‌ನ ಕರ್ಕೊಂಡು ಹೋಗು ಅಣ್ಣ. ಬಣವೆ ಗೇಟಿನ ಹತ್ರ ನಿಲ್ಲಿಸು, ಹಸುಗಳು ಒಳಗೆ ನುಗ್ಗದ ಹಾಗೆ ಅವ್ನು ನೋಡ್ಕೋತಾನೆ. ಅದು ಬಿಟ್ಟು ಬೇರೆ ಏನೂ ಹೇಳೋಕೆ ಹೋಗ್ಬೇಡ.’ ಗೇಟಿನಲ್ಲಿ ಅವನು ಚೆನ್ನಾಗಿಯೇ ನಿಂತ. ನಾನು ಗಾಡಿ ತುಂಬಿಕೊಂಡು ಹೊರಟೆ, ಅವನೂ ಮೆಗ್ಗೂ ಜೊತೆಗೆ ಬಂದರು. ಕುದುರೆಗಳು ಬಾಬ್ ಮತ್ತು ಬೆಸ್ ಎಂದಿನಂತೆ ತಾವಾಗಿಯೇ ಗಾಡಿ ಎಳೆದುಕೊಂಡು ಹಿಮದ ಮೇಲೆ ನಡೆಯುತ್ತಿದ್ದವು. ಲಗಾಮು ಗೂಟಕ್ಕೆ ಸುತ್ತಿತ್ತು. ನಾನು ಗಾಡಿಯ ಹಿಂತುದಿಯಲ್ಲಿ, ಹಿಂದಕ್ಕೆ ಮುಖ ಮಾಡಿ ನಿಂತು ಹುಲ್ಲು ಕೆಳಕ್ಕೆ ತಳ್ಳುತ್ತಿದ್ದೆ. ಹಸುಗಳೆಲ್ಲ ಹಿಂದೆ ಸಾಲಾಗಿ ಬರುತ್ತಿದ್ದವು, ನಲವತ್ತರಷ್ಟು ಮಾತ್ರ ನದಿಯ ಹತ್ತಿರದ ಕುರುಚಲು ಗಿಡಗಳಲ್ಲಿ ನಿಂತುಬಿಟ್ಟಿದ್ದವು. ಕಿವಿಬಿಲ್ಲೆಯ ನಂಬರೇ ಹೆಸರಾದ ನಿನ್ನ ಹಸು ಎಪ್ಪತ್ತೊಂದೂ ಅಲ್ಲಿಯೇ ಇದ್ದಳು. ಅವಳು ಎಲ್ಲಿಗೆ ಹೋಗುತ್ತಾಳೋ ಉಳಿದವೂ ಅಲ್ಲಿಗೇ. ನದಿಯ ಮೇಲೆ ಮಂಜುಗಡ್ಡೆ ಕಟ್ಟಿ ಇನ್ನೂ ವಾರವಾಗಿರಲಿಲ್ಲ, ನೀರು ಓಡುವ ಕಡೆ ತೆಳ್ಳಗಿತ್ತು. ನಾಯಿಯನ್ನು ನದಿಯ ಕಡೆಯಿಂದ ಕಳಿಸಿದರೆ ಅವನ್ನು ಮೇಲಕ್ಕೆ ತರುತ್ತಾನೆ, ನೀನು ದಿನಾ ಮಾಡುವುದು ಅದೇ ತಾನೆ, ನಾನೂ ಒಂದು ಕೈ ನೋಡೋಣ ಅನ್ನಿಸಿತು.

ನದಿ ಕುದುರೆಗಳ ಬಲಕ್ಕಿತ್ತು. ಐವತ್ತು ವರ್ಷ ಕುದುರೆಗಾಡಿ ಹೊಡೆದ ಬಾಯಿ ನನ್ನದು. ‘ಬಲಕ್ಕೆ!’ ಅಂತ ಕೂಗಿದೆ. ಕುದುರೆಗೆ ಬಲವೆಂದರೆ ಗಾಡಿ ಹೋಗುವ ದಿಕ್ಕಿನ ಬಲ. ನಿನ್ನ ನಾಯಿಗಳಿಗೆ ಬಲವೆಂದರೆ ದನದ ಕಡೆ ಮುಖ ಮಾಡಿ ನಿಂತವರ ಬಲಗೈ. ನಾನು ನಿಂತಿದ್ದು ಹಿಂದಕ್ಕೆ ಮುಖ ಮಾಡಿ. ಗ್ಲೆನ್ ನನ್ನ ಬಲಗೈ ಕಡೆಗೇ ಹೋದ, ಅಂದರೆ ಗುಡ್ಡದ ಕಡೆಗೆ. ಅಲ್ಲಿಂದ ಸುತ್ತಿ ಬಂದು ಹಸುಗಳ ಬೆನ್ನಿಗೆ ನಿಂತ. ಅವು ನದಿಯ ಕಡೆ ಸರಿದವು. ನಾನು ಗಾಬರಿಯಾಗಿ ಅದೇ ಮಾತನ್ನು ಇನ್ನೂ ಜೋರಾಗಿ ಕೂಗಿದೆ. ಒಂದು ಸಲ ನಿಂತು ನನ್ನ ಕಡೆ ತಿರುಗಿ ನೋಡಿದ, ಮಾರ್ಗಿಟ್. ಇದು ಬೇಡ ಅನ್ನುವ ಹಾಗೆಯೇ ನೋಡಿದ. ನಾನು ಮೂರನೆಯ ಸಲ ಕೂಗಿದೆ, ಬೈದು ಕೂಗಿದೆ. ಹೊಡೆತ ತಿಂದು ಬೆಳೆದ ನಾಯಿ, ಹೇಳಿದಂತೆ ಕೇಳಿದ.

ಎಪ್ಪತ್ತೊಂದು ಮೊದಲು ಮಂಜುಗಡ್ಡೆಯ ಮೇಲೆ ಕಾಲಿಟ್ಟಳು. ಹತ್ತು ಹೆಜ್ಜೆ ಹೋಗಿರಬೇಕು. ಅವಳು ಮುಳುಗಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಹಿಂದಿದ್ದವೆಲ್ಲ ಅವಳ ಹಾದಿಯಲ್ಲೇ ನುಗ್ಗುತ್ತಿದ್ದವು. ಆಗ ಗ್ಲೆನ್ ನನ್ನ ಮಾತಿಗೆ ಕಾಯಲಿಲ್ಲ. ಆ ತೆಳು ಮಂಜುಗಡ್ಡೆಯ ಮೇಲೆ ಸುತ್ತು ಹಾಕಿ ಅವುಗಳ ಮುಂದೆ ಹೋಗಿ, ನೀರಿಗೂ ಅವಕ್ಕೂ ನಡುವೆ ಹೊಟ್ಟೆಯೂರಿ ಮಲಗಿಬಿಟ್ಟ. ಒಂದೊಂದಾಗಿ ಮುಖ ತಿರುಗಿಸಿದವು. ಮುದುಕಿ ಮೆಗ್ ಕುಂಟುತ್ತಾ ಹೋಗಿ ದಡದಿಂದ ಅವನ್ನು ಕರೆದುಕೊಂಡು ಬಂದಳು. ನಾನು ಇಷ್ಟು ಹೊತ್ತೂ ಗಾಡಿಯ ಮೇಲೆ ಕವೆಗೋಲು ಹಿಡಿದುಕೊಂಡು ನಿಂತಿದ್ದೆ.

ನಿನಗೆ ಗೊತ್ತಿರುವುದು ಆಮೇಲಿನದು. ನೀನು ಜ್ವರದಲ್ಲೇ ಎದ್ದು ಕೂತು ಕೇಳಿದೆ. ‘ನಿನ್ನ ನಾಯಿ ಅವನ್ನ ಐಸ್ ಮೇಲೆ ಓಡಿಸಿಬಿಡ್ತು ಕಣೇ. ಎಪ್ಪತ್ತೊಂದು ಹೋಯ್ತು’ ಅಂದೆ. ಕರುವಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ನೀನೇ ಸಾಕಿದ ಹಸು. ನೀನು ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದೆ: ‘ನೀನು ಅವನಿಗೆ ಏನಂತ ಕೂಗ್ದೆ?’ ಆಗ ಹೇಳಬೇಕಿತ್ತು. ‘ಏನೂ ಕೂಗ್ಲಿಲ್ಲ, ಅವನಾಗೇ ಹೋದ’ ಅಂದೆ. ಆ ಹೊತ್ತಿಗೆ ನನಗೇ ನನ್ನ ತಪ್ಪು ಯಾವುದು ಅಂತ ತಿಳಿದಿರಲಿಲ್ಲ. ಸಂಜೆ ಕುದುರೆಗಳ ಕೊರಳಪಟ್ಟಿ ಬಿಚ್ಚುವಾಗ ಬಾಬ್‌ಗೆ ‘ಬಲಕ್ಕೆ ಸರಿಯೋ’ ಅಂದೆ ನೋಡು, ಆಗ ಹೊಳೆಯಿತು. ಲಾಯದಲ್ಲೇ ಕೂತುಬಿಟ್ಟೆ. ಎದ್ದು ಒಳಗೆ ಬಂದು ಹೇಳಿದ್ದರೂ ಆಗುತ್ತಿತ್ತು. ಕಣಿವೆಗೇ ಹಳೆಯ ಗಾಡಿ ಹೊಡೆಯುವವನು ಎಡ ಬಲ ತಿಳಿಯದೆ ತಂಗಿಯ ಹಸುವನ್ನು ಮುಳುಗಿಸಿದ ಅಂತ ಜನ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು.

ನಿನ್ನ ನಿಯಮ ನನಗೆ ಗೊತ್ತು. ಯಾರೂ ಹೇಳದೆ ದನವನ್ನು ನೀರಿಗೆ ಅಟ್ಟಿದ ನಾಯಿಯನ್ನು ನದಿಯಿರುವ ಜಾಗದಲ್ಲಿ ಇಟ್ಟುಕೊಳ್ಳಬಾರದು, ಎಷ್ಟೇ ಜಾಣನಿರಲಿ. ಹಿಂದೊಮ್ಮೆ ನಿನ್ನ ಅತ್ಯುತ್ತಮ ನಾಯಿಯನ್ನೇ ಹಾಗೆ ಕೊಟ್ಟುಬಿಟ್ಟಿದ್ದೆ. ಜ್ವರ ಬಿಟ್ಟ ಮಾರನೆಯ ದಿನವೇ ನೀನು ವೆಂಡೆಲ್‌ಗೆ ಫೋನ್ ಮಾಡಿದೆ. ನಾನೋ, ವಿಸ್ಡಮ್ ಊರಿನ ಹೋಟೆಲಿನಲ್ಲಿ ಎಲ್ಲರೆದುರು ಅದೇ ಕತೆ ಹೇಳಿದೆ. ಅಲ್ಲಿ ಕಾಫಿಗೆ ಕೂತಿದ್ದ ಹ್ಯಾಲ್ವರ್ ‘ಏನಪ್ಪಾ ಆರ್ವಿಡ್, ನಿಮ್ಮನೆ ನಾಯಿ ದನಗಳಿಗೆ ಈಜು ಕಲಿಸ್ತದಂತೆ?’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ವಾರ ನೀನು ಮಾಡಿದ ಕೆಲಸ ನನ್ನನ್ನು ಮುರಿದು ಹಾಕಿತು. ಸೋಮವಾರ ಬೆಳಿಗ್ಗೆ ನನ್ನನ್ನು ಅಂಗಳಕ್ಕೆ ಕರೆದೆ. ‘ಅಲ್ಲಿ ಗಂಡಸಿನ ದನಿಗೆ ಕೆಲಸ ಮಾಡ್ಬೇಕಾಗತ್ತೆ ಅವ್ನು. ಗಂಡಸು ಕೂಗಿದ್ರೆ ಹೆದರ್ತಾನೆ. ನೀನು ಸ್ವಲ್ಪ ಹೇಳು, ಅಭ್ಯಾಸ ಆಗ್ಲಿ’ ಅಂದೆ. ನನ್ನ ಭುಜ ಹಿಡಿದು ದನದ ಕಡೆ ತಿರುಗಿಸಿ ನಿಲ್ಲಿಸಿ, ಮಗುವಿಗೆ ಹೇಳುವಂತೆ ಎಡ ಯಾವುದು, ಬಲ ಯಾವುದು ಹೇಳಿಕೊಟ್ಟೆ. ಬಿಟ್ಟುಕೊಡಲಿರುವ ನಾಯಿ ಹೋದ ಕಡೆ ಬೆದರದಿರಲಿ ಅಂತ ಅವನನ್ನು ನಿನ್ನಿಂದ ಬಿಡಿಸುವ ಕೆಲಸವನ್ನು ನೀನೇ ಕೈಯಾರೆ ಮಾಡುತ್ತಿದ್ದೆ. ನಾನು ಮೆಲ್ಲಗೆ ‘ಬಲಕ್ಕೆ’ ಅಂದೆ. ಅವನು ಹೋದ. ‘ನಿಲ್ಲು’ ಅಂದೆ, ನಿಂತ. ಹನ್ನೆರಡು ಎಳೆ ಹಸುಗಳನ್ನು ನನ್ನ ಕಾಲಬುಡಕ್ಕೆ ತಂದು ನಿಲ್ಲಿಸಿ, ನನ್ನ ಬೂಟಿನ ಪಕ್ಕ ಬಂದು ಕೂತ. ನಾನು ಮಾಡಿದ್ದಕ್ಕೆ ಅವನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ‘ನೋಡ್ದಾ, ನಿನ್ ಮಾತೂ ಕೇಳ್ತಾನೆ’ ಅಂತ ಹೇಳಿ ನೀನು ಬೇಗ ಬೇಗ ಮನೆಯೊಳಗೆ ಹೋದೆ. ಯಾಕೆ ಹೋದೆ ಅಂತ ನನಗೆ ಗೊತ್ತು.

ಈ ಕಾಗದ ಶುರು ಮಾಡುವ ಮೊದಲು ನಾನು ವೆಂಡೆಲ್‌ಗೆ ಫೋನ್ ಮಾಡಿದೆ. ‘ಶನಿವಾರ ಬರ್ಬೇಡಪ್ಪ, ನಾಯಿ ಕೊಡೋಲ್ಲ’ ಅಂದೆ. ‘ಯಾಕೆ, ಏನಾಯ್ತು?’ ಅಂದ. ಎಲ್ಲ ಹೇಳಿದೆ. ಅವನು ‘ಮಾರ್ಗಿಟ್‌ಗೆ ಗೊತ್ತಾ?’ ಅಂದ. ‘ಸಂಜೆಗೆ ಗೊತ್ತಾಗತ್ತೆ’ ಅಂದೆ. ‘ಹಾಗಾದ್ರೆ ಹೇಗೂ ಗಾಡಿ ತೊಳೆದಿಟ್ಟಿದೀನಿ, ಬಂದು ನಿನ್ನನ್ನೇ ಕರ್ಕೊಂಡು ಹೋಗ್ಲಾ?’ ಅಂದ. ನಾಳೆ ಬೆಳಿಗ್ಗೆ ಹೋಟೆಲಿಗೆ ಹೋಗಿ ಹ್ಯಾಲ್ವರ್‌ಗೂ ಉಳಿದವರಿಗೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಗಲಿ, ಈ ಸಲ ನಗಬೇಕಾದ್ದು ನನ್ನನ್ನು ನೋಡಿಯೇ.

ಕ್ಷಮಿಸು ಅಂತ ಕೇಳುವುದು ಸುಲಭ, ಕೇಳುತ್ತಿದ್ದೇನೆ. ಹಸು ಸತ್ತಿದ್ದಕ್ಕಾದರೆ ನೀನು ಕ್ಷಮಿಸುತ್ತೀಯ, ನಿನ್ನನ್ನು ಬಲ್ಲೆ. ನನಗೆ ನುಂಗಲಾಗದ್ದು ಬೇರೆ. ಮೂವತ್ತು ವರ್ಷ ನಾಯಿಗಳನ್ನು ಕಂಡ ನಿನ್ನ ಕಣ್ಣಿಗೆ ಗ್ಲೆನ್ ಅಂಥ ಕೆಲಸ ಮಾಡುವವನಲ್ಲ ಅಂತ ಗೊತ್ತಿತ್ತು. ಐದು ವಾರ ಅವನ ಮುಖ ಹಿಡಿದುಕೊಂಡು ‘ಯಾಕೋ ಹಾಗೆ ಮಾಡ್ದೆ?’ ಅಂತ ನೀನು ಕೇಳುವುದನ್ನು ನಾನು ಬಾಗಿಲ ಆಚೆಯಿಂದ ಕೇಳಿಸಿಕೊಂಡಿದ್ದೇನೆ. ನೀನು ನಿನ್ನ ಕಣ್ಣನ್ನೇ ಅನುಮಾನಿಸಿದೆ, ನಿನ್ನ ಕಲಿಸುವಿಕೆಯನ್ನು ಅನುಮಾನಿಸಿದೆ, ಆ ಮೂಕಪ್ರಾಣಿಯನ್ನು ಅನುಮಾನಿಸಿದೆ. ನಿನ್ನ ಅಣ್ಣ ಸುಳ್ಳು ಹೇಳಿರಬಹುದು ಅಂತ ಮಾತ್ರ ನಿನಗೆ ಒಂದು ದಿನವೂ ಹೊಳೆಯಲಿಲ್ಲ.

ನೀನೂ ನಿನ್ನ ನಾಯಿಗಳೂ ನೂರು ಚಳಿಗಾಲ ಚೆನ್ನಾಗಿರಿ.

ನಿನ್ನ ಅಣ್ಣ,
ಆರ್ವಿಡ್